ವಿಂಡೋಸ್ ಏಳ್ತಿಲ್ವಾ? ಮೊದಲು ಫೈಲ್ ಈಚೆ ತೆಗೆಯಿರಿ

ಲೋಗೋ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ನೀಲಿ ಪರದೆ ಬಂದು ಮತ್ತೆ ರೀಸ್ಟಾರ್ಟ್. ಇಂಥ ಲ್ಯಾಪ್‌ಟಾಪ್ ತಂದವರೆಲ್ಲ ಕೇಳೋದು ಒಂದೇ, "ಫಾರ್ಮ್ಯಾಟ್ ಮಾಡಬೇಕಾ?" ಜಾಸ್ತಿ ಸಲ ಬೇಕಾಗುವುದಿಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ನಾಲ್ಕಾರು ಸಿಸ್ಟಮ್ ಫೈಲ್ ಕೆಟ್ಟಿರುತ್ತವೆ, ಅಷ್ಟೇ.

ಆದರೆ ರಿಪೇರಿಗೆ ಕೈ ಹಾಕುವ ಮೊದಲು ನಿಮ್ಮ ಫೈಲುಗಳನ್ನು ಈಚೆ ತೆಗೆಯಿರಿ. ಒಬ್ಬರು ರಾತ್ರಿಯಿಡೀ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಕಮಾಂಡ್) ಓಡಿಸಿ ಬೆಳಗ್ಗೆ ನನ್ನ ಹತ್ತಿರ ತಂದರು. ಡಿಸ್ಕ್ ಆಗಲೇ ಟಿಕ್ ಟಿಕ್ ಅನ್ನುತ್ತಿತ್ತು. ಸಾಯುತ್ತಿದ್ದ ಡಿಸ್ಕನ್ನು ಮೂಲೆ ಮೂಲೆ ಓದಿಸಿದ್ದೇ ಮುಳುವಾಯಿತು, ಮಗುವಿನ ಫೋಟೋಗಳಲ್ಲಿ ಅರ್ಧ ಸಿಗಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಬೇರೆ ಕಂಪ್ಯೂಟರಿನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಳ್ಳಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದನ್ನು ಕೆಟ್ಟ ಲ್ಯಾಪ್‌ಟಾಪಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ, ಫೈಲ್ ಮೆನುವಿನ ಓಪನ್‌ಗೆ ಹೋಗಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ. ಈಗ ನಿಮ್ಮ ಫೋಲ್ಡರುಗಳೆಲ್ಲ ಕಾಣುತ್ತವೆ! ರೈಟ್ ಕ್ಲಿಕ್ ಮಾಡಿ ಕಾಪಿ, ಇನ್ನೊಂದು ಡ್ರೈವ್‌ನಲ್ಲಿ ಪೇಸ್ಟ್. ಕಿಟಕಿ ಅಲುಗಾಡದಂತೆ ನಿಂತರೂ ಕಾಪಿ ನಡೆಯುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ಕೀ ಬೇಕು, ಎಷ್ಟೋ ಸಲ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಕಾಪಿ ವಿಪರೀತ ನಿಧಾನವಾದರೆ ಅಥವಾ ಡಿಸ್ಕ್ ಸದ್ದು ಮಾಡಿದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ಕೊಡಿ.

ಫೈಲು ಭದ್ರವಾದ ಮೇಲೆ ಅದೇ ಪೆನ್‌ಡ್ರೈವ್‌ನ ರಿಪೇರಿ ಆಯ್ಕೆಗಳಲ್ಲಿರುವ ಸ್ಟಾರ್ಟಪ್ ರಿಪೇರ್ ಒಮ್ಮೆ ನೋಡಿ. ಆಗಲಿಲ್ಲವಾ, ಕಪ್ಪು ಕಿಟಕಿಯಲ್ಲಿ ಎಸ್‌ಎಫ್‌ಸಿ, ಅಂದರೆ ಕೆಟ್ಟ ಸಿಸ್ಟಮ್ ಫೈಲ್ ಹುಡುಕಿ ಸರಿಮಾಡುವ ಕಮಾಂಡ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಪೆನ್‌ಡ್ರೈವ್‌ನಿಂದ ಬಂದಾಗ ನಿಮ್ಮ ಸಿ ಡ್ರೈವ್ ಡಿ ಆಗಿಯೋ ಇ ಆಗಿಯೋ ಕಾಣಬಹುದು, ಹಾಗಾಗಿ ಸುಮ್ನೆ ಸ್ಕ್ಯಾನ್‌ನೌ ಎಂದು ಹೊಡೆದರೆ ಸಾಲದು, ಆಫ್‌ಬೂಟ್‌ಡಿರ್ ಮತ್ತು ಆಫ್‌ವಿನ್‌ಡಿರ್ ಎಂಬ ಎರಡು ಆಯ್ಕೆ ಸೇರಿಸಿ ವಿಂಡೋಸ್ ಫೋಲ್ಡರ್ ಯಾವ ಡ್ರೈವ್‌ನಲ್ಲಿದೆ ಅಂತ ನೀವೇ ಹೇಳಬೇಕು. ಡಿಸ್ಕಿನ ಭಾಗಗಳನ್ನು ನೋಡಿಕೊಳ್ಳುವ ಡಿಸ್ಕ್‌ಪಾರ್ಟ್ ಕಮಾಂಡ್ ಒಳಗೆ 'ಲಿಸ್ಟ್ ವಾಲ್ಯೂಮ್' ಕೊಟ್ಟರೆ ಅಕ್ಷರ ಗೊತ್ತಾಗುತ್ತದೆ, ಅಲ್ಲಿ ಬೇರೇನೂ ಮುಟ್ಟಬೇಡಿ. ಕೆಲವು ಫೈಲ್ ಸರಿಮಾಡಲಾಗಲಿಲ್ಲ ಎಂದು ಬಂದರೆ, ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತೆಗೆದುಕೊಳ್ಳುವ ಉಗ್ರಾಣವೇ ಕೆಟ್ಟಿರಬಹುದು. ಆಗ ಆ ಉಗ್ರಾಣ ರಿಪೇರಿ ಮಾಡುವ ಡಿಸ್ಮ್ ಎಂಬ ಕಮಾಂಡಿಗೆ ಅದೇ ಆವೃತ್ತಿಯ ಪೆನ್‌ಡ್ರೈವ್ ಫೈಲುಗಳನ್ನು ತೋರಿಸಿ ಉಗ್ರಾಣ ಸರಿಮಾಡಿ, ಮತ್ತೆ ಎಸ್‌ಎಫ್‌ಸಿ ಓಡಿಸಿ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದು ಖಚಿತವಾಗಿದ್ದರೆ ನಾನು ಡಿಸ್ಮ್‌ನ 'ರಿವರ್ಟ್ ಪೆಂಡಿಂಗ್ ಆಕ್ಷನ್ಸ್' ಅನ್ನೇ ಮೊದಲು ಕೊಡುತ್ತೇನೆ, ಅರ್ಧ ಆದ ಕೆಲಸವನ್ನು ಅದು ವಾಪಸ್ ತೆಗೆಯುತ್ತದೆ.

ಸರಿಯಾಯಿತು, ವಾರ ಬಿಟ್ಟು ಮತ್ತೆ ಅದೇ ಕಥೆ ಅಂದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಕೆಟ್ಟ ರ‍್ಯಾಮ್ ಮೂಲಕ ಹಾದುಹೋಗುವ ಫೈಲು ಡಿಸ್ಕಿಗೆ ಕೆಟ್ಟೇ ಇಳಿಯಬಹುದು. ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಓಡಿಸಿ, ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಬದಲಿಸಿ.