ಹೊಟ್ಟೆ ಜೋತಾಡದಿದ್ದರೆ ಬೆನ್ನಿಗೆ ಕಷ್ಟ

ಬೆನ್ನು ತೀರಾ ಡೊಂಕಾದ ಮಕ್ಕಳ ಆಪರೇಷನ್ ಅಂದರೆ ಜನ ಕೇಳುವುದು ಬೆನ್ನನ್ನು ನೆಟ್ಟಗೆ ಹಿಡಿದಿಡುವ ರಾಡ್, ಸ್ಕ್ರೂ, ಆಮೇಲೆ ಖರ್ಚು. ಮಂಗಳೂರಿರಲಿ, ಮಣಿಪಾಲವಿರಲಿ, ಮಾತೆಲ್ಲ ಅಲ್ಲೇ ಮುಗಿಯುತ್ತದೆ. ಕತ್ತಿ ಮುಟ್ಟುವ ಮೊದಲು ಮಗುವನ್ನು ಹೇಗೆ ಮಲಗಿಸುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನನಗೆ ಕುತೂಹಲ ಇರುವುದೇ ಅದರಲ್ಲಿ.

ಕವುಚಿ ಮಲಗಿಸುತ್ತಾರೆ. ಆದರೆ ಸಪಾಟು ಹಾಸಿಗೆ ಮೇಲೆ ಅಲ್ಲ. ಎದೆಯ ಎರಡು ಬದಿಗೆ, ಸೊಂಟದ ಎರಡು ಬದಿಗೆ ದಿಂಬಿನಂಥ ಆಸರೆ. ನಡುವೆ ಹೊಟ್ಟೆ ಏನನ್ನೂ ತಾಗದೆ ಜೋತಾಡಬೇಕು!

ಯಾಕೆ ಅಂದರೆ, ಕಾಲಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ ಬೆನ್ನೆಲುಬಿನ ಎದುರಿಗೇ, ಹೊಟ್ಟೆಯೊಳಗೆ ಹೋಗುತ್ತದೆ. ಅದರ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಹೊಟ್ಟೆ ಒತ್ತಿದರೆ ಅದು ಚಪ್ಪಟೆಯಾಗುತ್ತದೆ. ಸುರತ್ಕಲ್ ಹತ್ತಿರ ಹೆದ್ದಾರಿ ಬ್ಲಾಕ್ ಆದರೆ ಏನಾಗುತ್ತದೆ? ಉಡುಪಿ ಕಡೆಯ ಗಾಡಿಗಳೆಲ್ಲ ಒಳರಸ್ತೆಗೆ ನುಗ್ಗುತ್ತವೆ, ಅಲ್ವಾ? ರಕ್ತವೂ ಹಾಗೇ. ಬೆನ್ನುಹುರಿಯ ಸುತ್ತ ಅಭಿಧಮನಿಗಳದ್ದೊಂದು ಬಲೆ ಇದೆ, ಅದರಲ್ಲಿ ಕವಾಟಗಳಿಲ್ಲ, ಅಂದರೆ ಒನ್‌ವೇ ಬೋರ್ಡೇ ಇಲ್ಲದ ಒಳರಸ್ತೆ, ಯಾವ ಕಡೆಯಿಂದ ಬೇಕಾದರೂ ನುಗ್ಗಬಹುದು. ಸರ್ಜನ್ ಕೆಲಸ ಮಾಡಬೇಕಾಗಿರುವುದು ಆ ತುಂಬಿದ ರಸ್ತೆಯ ಪಕ್ಕದಲ್ಲೇ. ರಕ್ತ ಸುರಿಯದೆ ಇನ್ನೇನು?

ಈ ಬಲೆಯ ಮಹತ್ವವನ್ನು 1940ರಲ್ಲಿ ತೋರಿಸಿದವರು ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್. ಅವರಿಗೆ ಆಪರೇಷನ್ನಿನ ಯೋಚನೆಯೇ ಇರಲಿಲ್ಲ. ಕ್ಯಾನ್ಸರ್ ಬೆನ್ನುಮೂಳೆಗೆ ಹೇಗೆ ಹಬ್ಬುತ್ತದೆ ಅಂತ ಹುಡುಕುತ್ತಿದ್ದರು. 1967ರಲ್ಲಿ ಟೊರೊಂಟೊದ ರೆಲ್ಟನ್ ಮತ್ತು ಹಾಲ್, ಒಬ್ಬರು ಅರಿವಳಿಕೆ ವೈದ್ಯರು, ಇನ್ನೊಬ್ಬರು ಸರ್ಜನ್, ರಕ್ತ ಸೋರುವುದನ್ನು ಕಡಿಮೆ ಮಾಡಲೆಂದೇ ನಾಲ್ಕು ಆಸರೆಯ ಚೌಕಟ್ಟನ್ನು ವಿವರಿಸಿದರು. ಈಗಿನ ಟೇಬಲ್‌ಗಳು ಬೇರೆ, ಸೂತ್ರ ಅದೇ.

ಡೊಂಕು ಜಾಸ್ತಿ ಇದ್ದರೆ ಈ ಕೆಲಸವೇ ಪೇಚು. ಬೆನ್ನು ಬರೀ ವಾಲಿರುವುದಿಲ್ಲ, ತಿರುಚಿಯೂ ಇರುತ್ತದೆ, ಜೊತೆಗೆ ಪಕ್ಕೆಲುಬಿನ ಗೂಡೂ ತಿರುಗಿರುತ್ತದೆ. ಒಂದೇ ಅಳತೆಯ ಆಸರೆ ಎರಡೂ ಬದಿಗೆ ಕೂರುವುದಿಲ್ಲ. ಅದಕ್ಕೇ ಪ್ರತಿ ಮಗುವಿಗೂ ಬೇರೆ ಹೊಂದಾಣಿಕೆ. ಕಣ್ಣಿನ ಮೇಲೆ ಏನೂ ಒತ್ತಬಾರದು, ಗಂಟೆಗಟ್ಟಲೆ ಒತ್ತಿದರೆ ದೃಷ್ಟಿಯೇ ಹೋಗಬಹುದು. ತೋಳನ್ನು ಭುಜದ ಹತ್ತಿರ 90 ಡಿಗ್ರಿಗಿಂತ ಜಾಸ್ತಿ ಎತ್ತಬಾರದು, ನರ ಎಳೆಯುತ್ತದೆ. ಮಲಗಿರುವ ಮಗು ನೋವು ಅಂತ ಹೇಳುವ ಹಾಗಿಲ್ಲವಲ್ಲ!

ಗ್ರಹಣದ ನೆರಳು ಬಿದ್ದು ಹೀಗಾಯಿತು, ಚೀಲ ಹೊತ್ತು ಹೀಗಾಯಿತು, ಎಣ್ಣೆ ತಿಕ್ಕಿ ಎಳೆದರೆ ನೆಟ್ಟಗಾಗುತ್ತದೆ ಅನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೇಳಿದರೆ ಮೈ ಉರಿಯುತ್ತದೆ. ಪ್ರಾಚೀನ ಗ್ರೀಸಿನಲ್ಲಿ ಗೂನು ಬೆನ್ನಿನವರನ್ನು ಏಣಿಗೆ ಕಟ್ಟಿ, ಬೆನ್ನು ಎಳೆದು ನೆಟ್ಟಗಾಗಲಿ ಅಂತ ಏಣಿಯನ್ನೇ ಎತ್ತರದಿಂದ ನೆಲಕ್ಕೆ ಕುಕ್ಕುತ್ತಿದ್ದರು. ಹಿಪೊಕ್ರೇಟಸ್ ಹೆಸರಿನ ಗ್ರಂಥವೇ ಅದನ್ನು ಜನ ಸೇರಿಸುವ ನಕಲಿ ವೈದ್ಯರ ಆಟ ಅಂತ ಹಂಗಿಸುತ್ತದೆ. ಎಳೆಯುವುದು ತಪ್ಪೇ ಅಂತ ಅಲ್ಲ. ಇವತ್ತೂ ಕೆಲವು ಮಕ್ಕಳಿಗೆ ಆಪರೇಷನ್ನಿಗೆ ಮುಂಚೆ ತಲೆಬುರುಡೆಗೆ ಉಂಗುರ ಕೂರಿಸಿ, ದಿನದಿನ ತೂಕ ಏರಿಸುತ್ತಾ ವಾರಗಟ್ಟಲೆ ಎಳೆಯುತ್ತಾರೆ, ನರಗಳ ಪರೀಕ್ಷೆ ಮಾಡುತ್ತಲೇ.

ಇನ್ನು ಕಾಲು. ರಾಡ್ ಸೊಂಟದವರೆಗೆ ಇಳಿಯುವುದಾದರೆ ತೊಡೆಯನ್ನು ಚಾಚಿಯೇ ಇಡಬೇಕು. ಮಡಚಿದರೆ ಕೆಳಬೆನ್ನಿನ ಸಹಜ ಬಾಗು ಚಪ್ಪಟೆಯಾಗುತ್ತದೆ, ರಾಡ್ ಅದನ್ನು ಹಾಗೇ ಕಾಯಂ ಮಾಡಿಬಿಡುತ್ತದೆ. ಆಮೇಲೆ ಮಗು ನೆಟ್ಟಗೆ ನಿಲ್ಲಬೇಕಾದರೆ ಮಂಡಿ ಬಗ್ಗಿಸಬೇಕಾಗುತ್ತದೆ.