ರ‍್ಯಾಮ್ ಎರಡನೇ, ನಾಲ್ಕನೇ ಸ್ಲಾಟ್‌ನಲ್ಲೇ ಏಕೆ?

ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡ್‌ಗೆ ಎರಡು ರ‍್ಯಾಮ್ ಹಾಕುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದನ್ನೂ ನಾಲ್ಕನೆಯದನ್ನೂ ಬಳಸಿ ಎನ್ನುತ್ತವೆ ಹೆಚ್ಚಿನ ಕೈಪಿಡಿಗಳು. ಮೊದಲೆರಡಕ್ಕೆ ಹಾಕಿದರೂ ಕಂಪ್ಯೂಟರ್ ಆನ್ ಆಗುತ್ತದೆ, ರ‍್ಯಾಮ್ ಲೆಕ್ಕವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅವೆರಡೂ ಒಂದೇ ಚಾನೆಲ್‌ನವು. ಇನ್ನೊಂದು ಚಾನೆಲ್ ಖಾಲಿ ಬಿದ್ದಿರುತ್ತದೆ.

ಚಾನೆಲ್ ಎಂದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ 64 ಬಿಟ್ ಅಗಲದ ದಾರಿ. ಡಿಡಿಆರ್4-3200 ಎಂಬ ಬಗೆಯ ರ‍್ಯಾಮ್‌ನಲ್ಲಿ ಒಂದು ಚಾನೆಲ್ ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಬಲ್ಲದು, ಎರಡಾದರೆ 51.2. ಕೇಳಿದ ಮೊದಲ ಬೈಟ್ ಬೇಗ ಬರುತ್ತದೆಂದಲ್ಲ, ಒಟ್ಟಿಗೆ ಹೆಚ್ಚು ಬರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಜೋಡಿ ಹಾಕುವ ಪದ್ಧತಿ ಹೊಸದೇನಲ್ಲ. ಇಂಟೆಲ್‌ನ ಮೊದಲ ಪೆಂಟಿಯಂ ಪ್ರೊಸೆಸರ್‌ಗಳ ಬಸ್ (ಮಾಹಿತಿ ಸಾಗುವ ದಾರಿ) 64 ಬಿಟ್, ಆಗಿನ ರ‍್ಯಾಮ್ ಪಟ್ಟಿಯಾದ 72 ಪಿನ್ನಿನ ಸಿಮ್ (SIMM) 32 ಬಿಟ್. ಹಾಗಾಗಿ ಎರಡೆರಡು ಬೇಕಿತ್ತು. 64 ಬಿಟ್‌ನ ಡಿಮ್ (DIMM) ಪಟ್ಟಿ ಬಂದ ಮೇಲೆ ಒಂದೇ ಸಾಕಾಯಿತು. ಆಮೇಲೆ ಪ್ರೊಸೆಸರ್‌ಗಳ ವೇಗ ರ‍್ಯಾಮನ್ನು ಹಿಂದೆ ಹಾಕಿತು. 2003ರ ಪೆಂಟಿಯಂ 4ರ ಬಸ್ ಸೆಕೆಂಡಿಗೆ 6.4 ಗಿಗಾಬೈಟ್ ಬೇಡುತ್ತಿತ್ತು, ಆಗಿನ ಡಿಡಿಆರ್400 ರ‍್ಯಾಮ್ ಒಂದು ಚಾನೆಲ್‌ನಲ್ಲಿ ಕೊಡುತ್ತಿದ್ದುದು 3.2. ಇಂಟೆಲ್ ಪ್ರೊಸೆಸರನ್ನೂ ರ‍್ಯಾಮನ್ನೂ ಜೋಡಿಸುವ ತನ್ನ 875ಪಿ ಚಿಪ್‌ಸೆಟ್‌ನಲ್ಲಿ ಎರಡು ಚಾನೆಲ್ ಇಟ್ಟು ಲೆಕ್ಕ ಸರಿದೂಗಿಸಿತು.

ಚಾನೆಲ್ ಹೆಚ್ಚಿದಷ್ಟೂ ಪಿನ್ನು, ಗೆರೆ ಹೆಚ್ಚು ಬೇಕು; ಇದಕ್ಕೆ ಬೆಲೆ ತೆರುವುದು ಬೋರ್ಡ್. ಎಎಂಡಿ ಕಂಪನಿ ರ‍್ಯಾಮನ್ನು ನಿಯಂತ್ರಿಸುವ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರ್ ಒಳಗೇ ಸೇರಿಸಿದಾಗ ಅದು ಕಣ್ಣಿಗೇ ಕಂಡಿತು: ಒಂದು ಚಾನೆಲ್‌ನ ಅಥ್ಲಾನ್ 64 ಪ್ರೊಸೆಸರ್‌ಗೆ 754 ಪಿನ್ನಿನ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಎರಡು ಚಾನೆಲ್‌ನದಕ್ಕೆ 939. ಇಂಟೆಲ್ 2008ರಲ್ಲಿ ಮೂರು ಚಾನೆಲ್ ಕೊಟ್ಟಾಗ ಸಾಕೆಟ್ 1366ಕ್ಕೆ ಏರಿತು. ಹನ್ನೆರಡು ಚಾನೆಲ್ ಇರುವ ಎಎಂಡಿಯ ಎಪಿಕ್ ಸರ್ವರ್ ಪ್ರೊಸೆಸರಿನ ಸಾಕೆಟ್‌ನಲ್ಲಿ 6096 ಸಂಪರ್ಕಗಳಿವೆ!

ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ಸಾಕೆಟ್ಟಿನಿಂದ ಸ್ಲಾಟ್‌ಗೆ ಹೋಗುವ ತಾಮ್ರದ ಗೆರೆಗಳು ಅಲ್ಲಲ್ಲಿ ಹಾವಿನಂತೆ ಬಳುಕಿರುತ್ತವೆ. ಡಿಡಿಆರ್4-3200ರಲ್ಲಿ ಒಂದು ಬಿಟ್‌ಗೆ ಸಿಗುವ ಸಮಯ ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹತ್ತಿರದ ಗೆರೆಯನ್ನು ಬೇಕೆಂದೇ ಸುತ್ತಿಬಳಸಿ ಒಯ್ದು ದೂರದ್ದಕ್ಕೆ ಸಮ ಮಾಡದಿದ್ದರೆ, ಒಟ್ಟಿಗೆ ಹೊರಟ ಬಿಟ್‌ಗಳು ಒಟ್ಟಿಗೆ ತಲುಪುವುದಿಲ್ಲ. ನನಗೆ ಇಡೀ ಬೋರ್ಡಿನಲ್ಲಿ ಇದಕ್ಕಿಂತ ಚೆಂದದ ಕೆಲಸ ಕಾಣುವುದಿಲ್ಲ.

ಸ್ಲಾಟ್‌ನ ಗುಟ್ಟೂ ಈ ಗೆರೆಗಳಲ್ಲೇ ಇದೆ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರತಿ ಚಾನೆಲ್ ತನ್ನ ಮೊದಲ ಸ್ಲಾಟನ್ನು ಹಾದು ಎರಡನೆಯದರಲ್ಲಿ ಮುಗಿಯುತ್ತದೆ. ರ‍್ಯಾಮ್ ಮೊದಲನೆಯದರಲ್ಲೇ ನಿಂತರೆ ಮುಂದಿನ ಗೆರೆ ಖಾಲಿ ಬಾಲವಾಗುತ್ತದೆ. ಸಿಗ್ನಲ್ ಅದರ ತುದಿಗೆ ಬಡಿದು ಹಿಂತಿರುಗಿ, ಬರುತ್ತಿರುವ ಸಿಗ್ನಲನ್ನು ಕೆಡಿಸುತ್ತದೆ. ಚಾನೆಲ್‌ನ ಕೊನೆಯ ಸ್ಲಾಟ್‌ಗೆ, ಅಂದರೆ ಎರಡನೆಯದಕ್ಕೂ ನಾಲ್ಕನೆಯದಕ್ಕೂ, ಹಾಕಿದರೆ ಆ ಬಾಲವೇ ಉಳಿಯುವುದಿಲ್ಲ.