ಲ್ಯಾಬಿನ ಬಿಸಿ ಹೋಗುವುದು ಗೋಡೆಯಿಂದಲ್ಲ

ಧಾರವಾಡದ ಹಳೆಯ ಮಾಳಿಗೆ ಮನೆಗಳ ಅಡುಗೆಮನೆಗೆ ಬೆಳಕಿಂಡಿ ಇರುತ್ತದೆ. ಒಲೆಯ ಹೊಗೆ ಅದರಿಂದ ಹೊರಬೀಳುತ್ತದೆ. ಮಾಗಿಯ ಮುಂಜಾನೆಗಳಲ್ಲಿ ಮನೆಯೊಳಗಿನ ಬೆಚ್ಚನೆಯನ್ನೂ ಜೊತೆಗೆ ಒಯ್ಯುತ್ತದೆ. ಚಳಿಯ ದೇಶಗಳಲ್ಲಿ ಇಂಗಾಲದ ಹೊಗೆ ಕಡಿಮೆ ಉಗುಳುವ ಸಂಶೋಧನಾಲಯ (ಲ್ಯಾಬ್) ಕಟ್ಟಲು ಹೊರಟವರ ಕಷ್ಟವೂ ಇದೇ, ಅಳತೆ ಮಾತ್ರ ದೊಡ್ಡದು.

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಕೆಟ್ಟ ಅನಿಲವನ್ನು ಚಿಮಣಿಯ ಸೆಳೆತಕ್ಕೆ ಒಪ್ಪಿಸಿದರು. ಮುಂದೆ ಫ್ಯಾನ್ ಬಂತು, ಉರಿಸಲು ಅಗ್ಗದ ಖನಿಜ ಎಣ್ಣೆ ಬಂತು, 1973ರಲ್ಲಿ ಆ ಎಣ್ಣೆ ತುಟ್ಟಿಯಾಯಿತು.

ಆಗ ಎಲ್ಲರೂ ಕೈ ಹಾಕಿದ್ದು ಗೋಡೆಗೆ. ಉಷ್ಣ ತಡೆಯುವ ದಪ್ಪ ಹೊದಿಕೆ, ಎರಡು ಮೂರು ಪದರಿನ ಗಾಜು. ಮನೆಗೆ, ಕಚೇರಿಗೆ ಇದರಿಂದ ತುಂಬ ಲಾಭವಾಯಿತು. ಲ್ಯಾಬಿಗೆ ಸಾಲಲಿಲ್ಲ. ರಾಸಾಯನಿಕ ಬೆರೆತ ಗಾಳಿಯನ್ನು ಮತ್ತೆ ಒಳಗೇ ತಿರುಗಿಸುವಂತಿಲ್ಲವಲ್ಲ. ಗಂಟೆಗೆ ಆರರಿಂದ ಹನ್ನೆರಡು ಬಾರಿ ಕೋಣೆಯ ಗಾಳಿ ಬದಲಾಗುವುದು ರೂಢಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ ಆ ಗಾಳಿಯನ್ನೆಲ್ಲ ಕಾಯಿಸಿ, ಕೆಲವೇ ನಿಮಿಷಗಳಲ್ಲಿ ಹೊರಗೆ ಚೆಲ್ಲಬೇಕು. ಕೆಟ್ಟ ಅನಿಲವನ್ನು ಹೊರಗೆಳೆಯುವ, ಮುಂದೆ ಮೇಲೆ ಕೆಳಗೆ ಸರಿಯುವ ಗಾಜಿರುವ ಗೂಡಿಗೆ ಫ್ಯೂಮ್ ಹುಡ್ ಎನ್ನುತ್ತಾರೆ. ಎಡೆಬಿಡದೆ ನಡೆಯುವ ಅಂಥ ಒಂದು ಹುಡ್ ಸುಮಾರು ಮೂರು ಅಮೆರಿಕನ್ ಮನೆಗಳಷ್ಟು ಶಕ್ತಿ ನುಂಗುತ್ತದೆ ಎಂಬ ಅಂದಾಜಿದೆ. ಆದರೂ ಪ್ರಶಸ್ತಿಗೆ ಕಳಿಸುವ ಫೋಟೋದಲ್ಲಿ ಗೋಡೆ ಕಾಣುತ್ತದೆ, ಗಾಳಿ ಸಾಗುವ ಕೊಳವೆ, ಅಂದರೆ ಡಕ್ಟ್, ಕಾಣುವುದಿಲ್ಲ.

ಹೋಗುವ ಗಾಳಿಯ ಬಿಸಿಯನ್ನು ಬರುವ ಗಾಳಿಗೆ ದಾಟಿಸುವ ತಿರುಗುವ ಚಕ್ರವೇ ಹೆಚ್ಚು ಉಳಿಸುವ ಉಪಾಯ. ಆದರೆ ಚಕ್ರಕ್ಕಂಟಿದ ಅನಿಲ ಒಳಗೆ ಮರಳಬಹುದು. ಹಾಗಾಗಿ ಹುಡ್‌ಗಳಿರುವ ಕಡೆ ಹೋಗುವ ಗಾಳಿಯಲ್ಲೊಂದು, ಬರುವ ಗಾಳಿಯಲ್ಲೊಂದು ಇಟ್ಟ ಎರಡು ಸುರುಳಿ ಕೊಳವೆಗಳ ನಡುವೆ, ಹೆಪ್ಪುಗಟ್ಟದ ಗ್ಲೈಕಾಲ್ ಬೆರೆಸಿದ ನೀರನ್ನು ಸುತ್ತಿಸಿದರು. ಉಳಿತಾಯ ಕಡಿಮೆ, ಭಯವೂ ಕಡಿಮೆ. ಇನ್ನೂ ಸರಳ ದಾರಿಯೆಂದರೆ ಗಾಳಿಯನ್ನೇ ಕಡಿಮೆ ಎಳೆಯುವುದು: ಫ್ಯಾನಿನ ವೇಗ ಅರ್ಧವಾದರೆ ಲೆಕ್ಕದ ಪ್ರಕಾರ ವಿದ್ಯುತ್ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದಕ್ಕೆ ಹುಡ್ಡಿನ ಗಾಜನ್ನು ಯಾರಾದರೂ ಕೆಳಗಿಳಿಸಬೇಕು, ಇಳಿಸಿದ್ದು ಫ್ಯಾನಿಗೆ ತಿಳಿಯುವ ವ್ಯವಸ್ಥೆಯೂ ಇರಬೇಕು. ನಾನು ಓದಿದ ಲ್ಯಾಬಿನಲ್ಲಿ ಎರಡೂ ಇರಲಿಲ್ಲ. ಹುಡ್ ಖಾಲಿ ಬಾಟಲಿಗಳ ಗೋದಾಮಾಗಿತ್ತು.

ಕಟ್ಟುವ ಸಾಮಗ್ರಿಯೊಳಗಿನ ಇಂಗಾಲ, ಅಂದರೆ ಸಿಮೆಂಟು, ಉಕ್ಕು ತಯಾರಿಸುವಾಗಲೇ ಹೊರಬೀಳುವ ಇಂಗಾಲ, ಚರ್ಚೆಗೆ ಬಂದದ್ದು ತಡವಾಗಿ. ಮರದಲ್ಲಿ ಅದು ಕಡಿಮೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ರಸಾಯನಶಾಸ್ತ್ರಕ್ಕೆಂದು ಮರದ ಚೌಕಟ್ಟಿನ ಲ್ಯಾಬ್ ಕಟ್ಟಲು ಹೊರಟಿತು. 2014ರಲ್ಲಿ, ಕೆಲಸ ಮುಗಿಯುವ ಮೊದಲೇ, ಅದು ಸುಟ್ಟುಹೋಯಿತು. ಮತ್ತೆ ಮರದಲ್ಲೇ ಕಟ್ಟಿ 2017ರಲ್ಲಿ ತೆರೆದರು.

ರೈಲ್ವೆ ಕಚೇರಿಯಾಗಿದ್ದ ಕಟ್ಟಡದಲ್ಲಿ ಕರ್ನಾಟಕ ಕಾಲೇಜು ನಡೆಸಿಕೊಂಡು ಬಂದ ಊರು ನಮ್ಮದು; ಇರುವುದನ್ನೇ ಬಳಸುವುದು ಇಲ್ಲಿ ಹೊಸ ಮಾತಲ್ಲ. ಅದೇ ಬುದ್ಧಿಯನ್ನು ಭಾರತ ಅಂಟಾರ್ಕ್ಟಿಕಾಕ್ಕೂ ಒಯ್ದಿತು. ಲಾರ್ಸ್‌ಮನ್ ಬೆಟ್ಟಗಳಲ್ಲಿ 2012ರಲ್ಲಿ ಆರಂಭವಾದ ಭಾರತಿ ಸಂಶೋಧನಾ ಕೇಂದ್ರದ ಒಡಲು 134 ಹಡಗಿನ ಕಂಟೇನರ್‌ಗಳು. ಜನರೇಟರ್ ಇಂಧನದಿಂದಲೇ ನಡೆಯುತ್ತದೆ. ಆದರೆ ಅದರ ಬಿಸಿ ಹಿಮಕ್ಕೆ ಹೋಗದೆ ಕೋಣೆಗಳಿಗೆ ಬರುತ್ತದೆ.